ಹಗಲು ಕಾಣದ ದುಡಿಮೆ, ಬೆಳಕೆಂಬ ಮದ್ದು

ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು 1902ರ ಜೂನ್ 30ರಂದು. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ಕರೆಂಟು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ಹರಿದು ಕೆಜಿಎಫ್ ಸೇರಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಲು 1905ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ರಾಜಧಾನಿಗಿಂತ ಮೂರು ವರ್ಷ ಮೊದಲೇ ಕರೆಂಟು ಕಂಡ ಊರು ನಮ್ಮದು ಎಂದು ಕೆಜಿಎಫ್‌ನವರು ಹೆಮ್ಮೆ ಪಡುವುದು ಸಹಜವೇ. ಆದರೆ ಕರೆಂಟು ತರಿಸಿದ್ದು ಮನೆ ಬೆಳಗಲು ಅಲ್ಲ, ಗಣಿಯ ಯಂತ್ರ ತಿರುಗಿಸಲು.

ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಬೆಳಗಿನ ಪಾಳಿಗೆ ಹೋದವನು ಹಗಲಿನ ಬಹುಪಾಲು ಭೂಮಿಯೊಳಗೇ ಇರುತ್ತಿದ್ದ. ರಾತ್ರಿ ಪಾಳಿಯವನು ಲೈನ್ ಮನೆಯ ಬಾಗಿಲು ಹಾಕಿಕೊಂಡು ಹಗಲೆಲ್ಲ ನಿದ್ದೆ ಮಾಡುತ್ತಿದ್ದ. ಕಲ್ಲು ಕೊರೆಯುವ ಜಾಗ ಕಾಣುವಷ್ಟು ದೀಪವೇನೋ ಇತ್ತು. ಕಣ್ಣಿಗೆ ಅಷ್ಟು ಬೆಳಕು ಸಾಕಾದರೆ ಮೈಮನಸ್ಸಿಗೂ ಸಾಕೇ ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಿರಲಿಲ್ಲ. ಅದಕ್ಕೆ ವಿಜ್ಞಾನದ ಉತ್ತರ ಸಿಗಲು ಸುಮಾರು 80 ವರ್ಷ ಹಿಡಿಯಿತು.

ಉತ್ತರ ಬಂದದ್ದು ಅಮೆರಿಕದಿಂದ. 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು ರಾತ್ರಿ ಹೊತ್ತು ಜನರನ್ನು ದೀಪದ ಮುಂದೆ ಕೂರಿಸಿ, ಅವರ ರಕ್ತದಲ್ಲಿನ ಮೆಲಟೋನಿನ್ ಎಂಬ ಹಾರ್ಮೋನನ್ನು ಅಳೆದರು. ಕತ್ತಲಾದೊಡನೆ ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಈ ಹಾರ್ಮೋನು ದೇಹಕ್ಕೆ ರಾತ್ರಿಯಾಯಿತೆಂದು ಸಾರುವ ಡಂಗುರವಿದ್ದಂತೆ. ಕೋಣೆಯ ಮಾಮೂಲಿ ಬೆಳಕಿನಷ್ಟಿದ್ದ 500 ಲಕ್ಸ್ ದೀಪಕ್ಕೆ ಅದು ಜಗ್ಗಲಿಲ್ಲ. 2,500 ಲಕ್ಸ್ ದೀಪ ಹಚ್ಚಿದಾಗ ಕುಸಿಯಿತು. ಮನುಷ್ಯನಿಗೂ ಬೆಳಕು ತಟ್ಟುತ್ತದೆ, ಆದರೆ ತಟ್ಟಲು ಅದು ಪ್ರಖರವಾಗಿರಬೇಕು ಎಂಬುದು ಅಂದು ತಿಳಿಯಿತು. ಸಂಶೋಧನೆ ಮುಂದುವರಿದಂತೆ, ಮಂದ ಬೆಳಕಿಗೂ ದೇಹ ಒಂದಿಷ್ಟು ಸ್ಪಂದಿಸುತ್ತದೆಂದು ಗೊತ್ತಾಗಿದೆ. ಆದರೂ ಮದ್ದಾಗಿ ಬಳಸಲು ಬೇಕಾದದ್ದು ಪ್ರಖರ ಬೆಳಕೇ.

1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಹೋದ್ಯೋಗಿಗಳು 29 ರೋಗಿಗಳ ವಿವರ ಪ್ರಕಟಿಸಿ, ಋತುಮಾನದ ಖಿನ್ನತೆಯನ್ನು ಒಂದು ಕಾಯಿಲೆಯಾಗಿ ಗುರುತಿಸಿದರು. ರೋಸೆಂತಾಲ್ ಬಿಸಿಲಿನ ನಾಡಾದ ದಕ್ಷಿಣ ಆಫ್ರಿಕದವರು. ಅಮೆರಿಕದ ಚಳಿಗಾಲದಲ್ಲಿ ಸ್ವತಃ ಮಂಕಾದವರು. ಚಳಿಗಾಲ ಬಂದೊಡನೆ ವಿಪರೀತ ನಿದ್ದೆ, ಸಿಹಿತಿಂಡಿ-ಅನ್ನದ ಮೇಲೆ ಆಸೆ, ಮೈಭಾರ, ಯಾವುದರಲ್ಲೂ ಮನಸ್ಸಿಲ್ಲದಿರುವುದು. ವಸಂತ ಬಂದಾಗ ತಾನಾಗಿ ಸರಿಹೋಗುವುದು. ಇವು ಲಕ್ಷಣಗಳು. ರೋಗಿಗಳಲ್ಲಿ ಕೆಲವರಿಗೆ ಪ್ರಖರ ದೀಪದ ಬೆಳಕು ಕೊಟ್ಟಾಗ ಕೆಲವೇ ದಿನಗಳಲ್ಲಿ ಗೆಲುವು ಕಂಡಿತು.

ಚಿಕಿತ್ಸೆಯ ಕ್ರಮ ಸರಳ. 10,000 ಲಕ್ಸ್ ಬೆಳಕಿನ ಪೆಟ್ಟಿಗೆಯನ್ನು ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲೇ ಒಂದು-ಒಂದೂವರೆ ಅಡಿ ದೂರದಲ್ಲಿಟ್ಟುಕೊಂಡು, ಸುಮಾರು ಅರ್ಧ ಗಂಟೆ ಅದರೆದುರು ಕೂರಬೇಕು. ದೀಪವನ್ನೇ ದಿಟ್ಟಿಸಬೇಕಿಲ್ಲ, ಪತ್ರಿಕೆ ಓದಬಹುದು, ತಿಂಡಿ ತಿನ್ನಬಹುದು. ಕೆನಡಾದಲ್ಲಿ 96 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ದೀಪ ಫ್ಲುಆಕ್ಸೆಟಿನ್ ಮಾತ್ರೆಗೆ ಸರಿಸಮವೆನಿಸಿತು. ಹಾಗೆಂದು ತಾವಾಗಿಯೇ ದೀಪ ತಂದು ಚಿಕಿತ್ಸೆಗೆ ತೊಡಗುವುದು ಬೇಡ. ಕಣ್ಣಿನ ಪರದೆಯ ರೋಗವಿದ್ದವರಿಗೂ, ಖಿನ್ನತೆ-ಉನ್ಮಾದ ಎರಡೂ ಬಂದುಹೋಗುವವರಿಗೂ ಅದರಿಂದ ಅಪಾಯವಾಗಬಹುದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಲ್ಲೊಂದು ಗೊಂದಲ ಬಿಡಿಸಬೇಕು. ಬೆಳಕನ್ನು ಮದ್ದಾಗಿಸಿ 1903ರಲ್ಲಿ ನೊಬೆಲ್ ಪಡೆದ ನೀಲ್ಸ್ ಫಿನ್ಸೆನ್ ವಾಸಿಮಾಡಿದ್ದು ಚರ್ಮದ ಕ್ಷಯವನ್ನು. ಸೋವಿಯತ್ ಗಣಿಗಳಲ್ಲಿ ಕಾರ್ಮಿಕರನ್ನು ಅತಿನೇರಳೆ ದೀಪಗಳ ಕೋಣೆಯಲ್ಲಿ ನಿಲ್ಲಿಸುತ್ತಿದ್ದುದೂ ಮೈಗೆ ಬೆಳಕು ತಾಗಲೆಂದು. ಖಿನ್ನತೆಗೆ ಬೆಳಕು ಹೋಗಬೇಕಾದದ್ದು ಚರ್ಮದ ಮೂಲಕ ಅಲ್ಲ, ಕಣ್ಣಿನ ಮೂಲಕ. ಅದಕ್ಕೆ ಅತಿನೇರಳೆ ಕಿರಣ ಬೇಕಿಲ್ಲ, ಇರಲೂ ಕೂಡದು. ನೋಡುವ ಕೆಲಸಕ್ಕಲ್ಲದೆ, ಹಗಲೋ ರಾತ್ರಿಯೋ ಎಂದು ಮೆದುಳಿನ ಗಡಿಯಾರಕ್ಕೆ ತಿಳಿಸಲೆಂದೇ ಕಣ್ಣಿನ ಪರದೆಯಲ್ಲಿ ಬೇರೆ ಜೀವಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು.

ಇನ್ನು ನಮ್ಮ ಊರಿನ ಲೆಕ್ಕ. ಕೆಜಿಎಫ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ಗಣಿ ನಡೆಸಲು ಬಂದ ಇಂಗ್ಲಿಷರಲ್ಲಿ ಹಲವರ ತವರಾದ ಕಾರ್ನ್‌ವಾಲ್‌ನಲ್ಲಿ ಅದು ಎಂಟು ಗಂಟೆಯಷ್ಟೇ. ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂದು ಹೆಸರು ಬಿದ್ದರೂ ಇಂಗ್ಲೆಂಡಿನ ಕತ್ತಲು ಇಲ್ಲಿಗೆ ಬರಲಿಲ್ಲ. ಭೂಗೋಳದ ಪ್ರಕಾರ ಈ ಕಾಯಿಲೆ ನಮ್ಮಲ್ಲಿ ವಿರಳವೇ ಆಗಬೇಕು. ಪುಷ್ಯ ಮಾಸದಲ್ಲೂ ಜಗಲಿಯ ಮೇಲೆ ಕೂತು ಎಳೆಬಿಸಿಲು ಕಾಯಿಸುವವನಿಗೆ ಹತ್ತು ಸಾವಿರ ಲಕ್ಸ್ ಪುಕ್ಕಟೆ ಸಿಗುತ್ತದೆ.

ಗಣಿಯ ಕೆಲಸಗಾರನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವನ ಹಗಲನ್ನು ಕಿತ್ತುಕೊಂಡದ್ದು ಋತುವಲ್ಲ, ಪಾಳಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಅವನ ಶ್ವಾಸಕೋಶದ ದೂಳಿಗೆ ಸಿಲಿಕೋಸಿಸ್ ಎಂಬ ಹೆಸರೂ ಪರಿಹಾರದ ನಿಯಮವೂ ಬಂದವು. ಮಂಕಿಗೆ ಹೆಸರಿರಲಿಲ್ಲ, ಹೆಸರಿಲ್ಲದ್ದನ್ನು ಯಾವ ರಿಜಿಸ್ಟರಿನಲ್ಲೂ ಬರೆಯಲಾಗದು.

ಕಂಪನಿಗಳಿಗೆ ಇಂಥದ್ದು ಹೊಳೆಯುವುದೇ ಇಲ್ಲ ಎನ್ನುವಂತಿಲ್ಲ. ನಾರ್ವೆಯ ರ್ಯೂಕಾನ್ ಕೂಡ ಶಿವನಸಮುದ್ರದಂತೆ ಜಲಪಾತವನ್ನು ನಂಬಿ ಬೆಳೆದ ಕೈಗಾರಿಕಾ ಊರು. ಕಣಿವೆಯ ತಳದಲ್ಲಿರುವುದರಿಂದ ಅಲ್ಲಿಗೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಬಿಸಿಲೇ ಬೀಳದು. ಊರಿನವರು ಬೆಟ್ಟದ ಮೇಲೆ ಹೋಗಿ ಸೂರ್ಯನನ್ನು ನೋಡಲೆಂದು 1928ರಲ್ಲಿ ಅಲ್ಲಿನ ಕಂಪನಿ ತೂಗುತೊಟ್ಟಿಲಿನ ದಾರಿ ಕಟ್ಟಿಸಿತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರ ಚೌಕಕ್ಕೆ ಬಿಸಿಲನ್ನು ತಿರುಗಿಸಲಾಯಿತು.

ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಂದಿನಿಂದ ಸಾವಿರಾರು ಜನರ ಹೊಟ್ಟೆಪಾಡು ಬೆಂಗಳೂರಿನಲ್ಲಿ. 1894ರಲ್ಲಿ ಗಣಿಗಾಗಿಯೇ ಹಾಕಿದ ಹಳಿಯ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಬಂದು, ಅಲ್ಲಿಂದ ಸುಮಾರು 70 ಕಿಲೋಮೀಟರ್ ಪ್ರಯಾಣ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹೊತ್ತಿಗೆ, ಮುಳುಗುವುದು ಆರು ದಾಟಿದ ಕೂಡಲೇ. ಮೊದಲ ರೈಲುಗಳನ್ನು ಹಿಡಿಯುವವರು ಕತ್ತಲಲ್ಲಿ ಮನೆ ಬಿಡುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ನಡುವಿನ ಹೊತ್ತು ಕಳೆಯುವುದು 300ರಿಂದ 500 ಲಕ್ಸ್ ಬೆಳಕಿನ ಕಚೇರಿ, ಕಾರ್ಖಾನೆ, ಅಂಗಡಿಗಳ ಒಳಗೆ. ಸೂರ್ಯ ಕಾಣುವುದು ಭಾನುವಾರ. ಬೆಳಿಗ್ಗೆ ರೈಲು ಪಶ್ಚಿಮಕ್ಕೆ ಓಡುತ್ತದೆ, ಸಂಜೆ ಪೂರ್ವಕ್ಕೆ. ಬಿಸಿಲು ಇದ್ದಷ್ಟು ಹೊತ್ತೂ ಅದು ರೈಲಿನ ಬೆನ್ನಿಗೇ ಬೀಳುತ್ತದೆ.