ವಾಂತಿಯೂ ನಿಲ್ಲಬೇಕು, ಎಚ್ಚರವೂ ಉಳಿಯಬೇಕು: ಘಾಟ್‌ಕೋಪರ್–ಪರೇಲ್ ಹಾದಿಯಲ್ಲಿ ಕೀಮೋ ಅಡ್ಡಪರಿಣಾಮಗಳ ನಿರ್ವಹಣೆ

ಮುಂಬೈಯ ಘಾಟ್‌ಕೋಪರ್ ಮತ್ತು ಪರೇಲ್ ನಡುವೆ ಸ್ಲೋ ಲೋಕಲ್ ರೈಲಿಗೆ ಐದು ನಿಲ್ದಾಣಗಳು: ವಿದ್ಯಾವಿಹಾರ್, ಕುರ್ಲಾ, ಸಯನ್, ಮಾಟುಂಗಾ, ದಾದರ್. 1941ರಲ್ಲಿ ಪರೇಲಿನಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಘಾಟ್‌ಕೋಪರ್ ಉಪನಗರದ ಕನ್ನಡ ಮನೆಗಳಿಂದ ಹೋಗುವವರಿಗೂ ಇದೇ ದಾರಿ. ಡೇ-ಕೇರ್‌ನಲ್ಲಿ ಕ್ಯಾನ್ಸರಿಗೆ ಕೀಮೋ ಏರಿಸಿಕೊಂಡವರು ಅಂದೇ ಮನೆಗೆ ಮರಳುತ್ತಾರೆ. ಮುಂದಿನ ಸಂಕಟವೆಲ್ಲ ಲೋಕಲ್ ಬೋಗಿಯಲ್ಲಿ, ಅಡುಗೆಮನೆಯಲ್ಲಿ ಕಳೆಯಬೇಕಾದದ್ದು. ಆದ್ದರಿಂದ ಅಡ್ಡಪರಿಣಾಮದ ಚಿಕಿತ್ಸೆ ಸಫಲವೇ ಎಂಬುದನ್ನು ರೋಗಿಯ ಮರುದಿನದ ಬದುಕಿನಿಂದ ಅಳೆಯಬೇಕು ಎಂಬುದು ಈ ಲೇಖನದ ವಾದ.

ವಾಂತಿಯ ಮೂಲ

ಕೀಮೋ ಔಷಧ ಕರುಳಿನ ಒಳಪದರದ ಕೋಶಗಳನ್ನು ಕೆಣಕಿದಾಗ ಸೆರೊಟೋನಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ವೇಗಸ್ ನರ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಮೊದಲ 24 ಗಂಟೆಗಳ ವಾಂತಿಗೆ ಮುಖ್ಯವಾಗಿ ಇದೇ ಕಾರಣ. ಎರಡನೆಯ ದಿನದಿಂದ ಕಾಡುವ ವಾಂತಿಯಲ್ಲಿ ‘ಸಬ್‌ಸ್ಟನ್ಸ್ ಪಿ’ ಎಂಬ ಇನ್ನೊಂದು ರಾಸಾಯನಿಕದ ಪಾತ್ರ ದೊಡ್ಡದು. ಒಂಡಾನ್ಸೆಟ್ರಾನ್ ಎಂಬ ಮದ್ದು ಸೆರೊಟೋನಿನ್‌ನ ಕೆಲಸವನ್ನೂ ಅಪ್ರೆಪಿಟಾಂಟ್ ಎಂಬುದು ಸಬ್‌ಸ್ಟನ್ಸ್ ಪಿಯ ಕೆಲಸವನ್ನೂ ತಡೆಯುತ್ತವೆ. ಮನೋರೋಗಕ್ಕೆಂದು ಬಂದ ಒಲಾಂಜಪಿನ್ ಓಕರಿಕೆಗೂ ಒಳ್ಳೆಯ ಮದ್ದೆಂದು ಸಾಬೀತಾಗಿದೆ. ತೊಡಕಿರುವುದು ಅದು ತರುವ ಮಂಪರಿನಲ್ಲಿ. ದಾದರಿನ ನೂಕುನುಗ್ಗಲಿನಲ್ಲಿ ತೂಕಡಿಸುವುದು ಅಪಾಯವೇ ಸರಿ.

ಮುಂಬೈಯ ಉತ್ತರ

ಟಾಟಾ ಸ್ಮಾರಕದ ವೈದ್ಯರು ಈ ತೊಡಕನ್ನೇ ಪರೀಕ್ಷೆಗೆ ಒಡ್ಡಿದರು. ತೀವ್ರ ವಾಂತಿ ತರುವ ಕೀಮೋ ಪಡೆಯುವವರಲ್ಲಿ ಒಂದು ಗುಂಪಿಗೆ ರೂಢಿಯ 10 ಮಿಲಿಗ್ರಾಂ, ಇನ್ನೊಂದಕ್ಕೆ ಬರಿಯ 2.5 ಮಿಲಿಗ್ರಾಂ ಒಲಾಂಜಪಿನ್ ಕೊಟ್ಟರು. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟವಾದ ಫಲಿತಾಂಶದಂತೆ ವಾಂತಿಯ ಸಂಪೂರ್ಣ ನಿಯಂತ್ರಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ: ಕಡಿಮೆ ಪ್ರಮಾಣದಲ್ಲಿ ಶೇ. 45, ರೂಢಿಯದರಲ್ಲಿ ಶೇ. 44. ಮೊದಲ ದಿನದ ತೀವ್ರ ಮಂಪರು ಮಾತ್ರ ಶೇ. 40ರಿಂದ ಶೇ. 5ಕ್ಕೆ ಇಳಿಯಿತು. ಕಾಲುಭಾಗದ ಮದ್ದು ಅಷ್ಟೇ ಕೆಲಸ ಮಾಡಿ ಎಚ್ಚರವನ್ನು ಉಳಿಸಿಕೊಟ್ಟಿತು. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೂರ್ಣ ನೆಮ್ಮದಿ ಸಿಗಲಿಲ್ಲವೆಂಬುದನ್ನು ಮರೆಯಬಾರದು. ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ಆದರೆ ಮಂಪರಿನಿಂದ ಏಳಲಾಗುತ್ತಿಲ್ಲವೆಂದು ರೋಗಿ ಬಾಯಿಬಿಟ್ಟು ಹೇಳಬೇಕು.

ಅಡುಗೆಮನೆಯ ಆರೈಕೆ

ಉಳಿದ ಹೊಣೆ ಮನೆಯದು. ಚಾಳಿನ ಒಂದೇ ಕೋಣೆಯಲ್ಲಿ ಒಗ್ಗರಣೆ ಸಿಡಿದರೆ ಸಾಕು, ಕೀಮೋ ಆದವರಿಗೆ ಹೊಟ್ಟೆ ತೊಳಸುತ್ತದೆ. ಅಂಥ ದಿನ ಬಿಸಿ ಆರಿದ ಗಂಜಿ ಸೇರುತ್ತದೆ. ಅದಕ್ಕೆ ಹಬೆಯಾಗಲಿ ಘಾಟಾಗಲಿ ಇಲ್ಲ. ಬಾಯಿಹುಣ್ಣಾದಾಗ ಗಂಜಿಯ ಜೊತೆಗಾರನಾದ ಮಿಡಿ ಉಪ್ಪಿನಕಾಯಿಯನ್ನು ದೂರವಿಡಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿದರೆ ಹಿತ.

ಸಹಿಸಿಕೊಂಡು ಕೂರಬಾರದ ಲಕ್ಷಣ ಜ್ವರ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳಲ್ಲಿ ಬಿಳಿ ರಕ್ತಕಣಗಳು ತೀರ ಕುಗ್ಗುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನ ತನಕ ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಸಮಾರೋಪ

‘ಕೀಮೋ ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತು ರೋಗಿಯ ಬಾಯಿ ಕಟ್ಟುತ್ತದೆ. ಟಾಟಾ ಸ್ಮಾರಕದ ವೈದ್ಯರು ಮಂಪರಿನ ಬಗ್ಗೆ ಕೇಳಿ, ಎಣಿಸಿದ್ದರಿಂದಲೇ ಕಾಲುಭಾಗದ ಮದ್ದು ಸಾಕೆಂದು ತಿಳಿಯಿತು. ಮನೆಯವರೂ ಹಾಗೆಯೇ ದಿನದಿನದ ಓಕರಿಕೆ, ನಿದ್ದೆ, ಊಟ, ಜ್ವರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟು ಮುಂದಿನ ಕೀಮೋಗೆ ಕೊಂಡೊಯ್ಯಲಿ. ಯಾವ ಮದ್ದು ಎಷ್ಟು ಬೇಕೆಂದು ತೀರ್ಮಾನಿಸುವ ವೈದ್ಯರಿಗೆ ಆ ಪುಟಗಳೂ ಆಧಾರವಾಗುತ್ತವೆ.