ಆಸ್ತಿ ತೆರಿಗೆ ರಸೀದಿ ಮತ್ತು ಒಂದು ಮೆಂಬರ್‌ಶಿಪ್ ಫಾರಂ

ಇವತ್ತಿನ ಎಪಿಸೋಡ್ ಶುರುವಾಗಿದ್ದು ಗಿರಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ. ಚಿಕ್ಕಮ್ಮನ ಮಗಳು ಲೈಬ್ರರಿ ಸೈನ್ಸ್‌ನಲ್ಲಿ ಎಂ.ಎ. ಥರದ ಸ್ನಾತಕೋತ್ತರ ಕೋರ್ಸ್ ಓದ್ತಿದಾಳೆ. ಒಂದು ಗ್ರಂಥಾಲಯ ಸಂಘದ ಸದಸ್ಯತ್ವದ ಫಾರಂ ಮುಂದಿಟ್ಟು, "ಅಕ್ಕಾ, ನೀನು ಬಿ.ಕಾಂ. ಅಲ್ವಾ, ಲೆಕ್ಕ ಹಾಕಿ ಹೇಳು. ಇದಕ್ಕೆ ದುಡ್ಡು ಕಟ್ಟಿದ್ರೆ ನಂಗೆ ವಾಪಸ್ ಏನು ಸಿಗುತ್ತೆ?" ಅಂತ ಕೇಳಿದಳು.

ಕಾಮರ್ಸ್ ಓದಿದೋರಿಗೆ ಇದು ವಿಚಿತ್ರ ಪ್ರಶ್ನೆ. ನಮ್ಮಲ್ಲಿ ಸಂಘ ಅಂದ್ರೆ ಬಾಗಿಲು ಕಾಯೋನು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಬಂದ ಮೇಲೆ ಆ ಸಂಸ್ಥೆಯ ಸದಸ್ಯರಲ್ಲದೋರು ಸಿ.ಎ. ಅಂತ ಬೋರ್ಡ್ ಹಾಕೋ ಹಾಗಿಲ್ಲ, ಆಡಿಟ್‌ಗೆ ಸಹಿ ಹಾಕೋ ಹಾಗಿಲ್ಲ. ಸೇರಬೇಕಾ ಬೇಡ್ವಾ ಅನ್ನೋ ಪ್ರಶ್ನೇನೇ ಏಳಲ್ಲ. ಗ್ರಂಥಪಾಲಕರಿಗೆ ಹಾಗಿಲ್ಲ. ಯಾವ ಸಂಘಕ್ಕೂ ಸೇರದೆ ಕೋರ್ಸ್ ಮುಗಿಸಿ, ಕೆಲಸ ಹಿಡಿದು, ರಿಟೈರ್ ಆದೋರು ಬೇಕಾದಷ್ಟು ಜನ ಇದಾರೆ. ಹಾಗಾದ್ರೆ ಈ ಸಂಘಗಳು ಇಷ್ಟು ವರ್ಷ ಮಾಡಿದ್ದಾದ್ರೂ ಏನು?

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ವಾರ ಓದಿದೆ. ಮೊದಲು ಸಿಕ್ಕಿದ ವಿಷಯಾನೇ ಅವಳಿಗೆ ಮೆಸೇಜ್ ಮಾಡಿದೆ: ನೀನು ಓದ್ತಿರೋ ಈ ಥರದ ಕೋರ್ಸನ್ನ ನಮ್ಮ ದಕ್ಷಿಣದಲ್ಲಿ ಮೊದಲು ನಡೆಸಿದ್ದು ವಿಶ್ವವಿದ್ಯಾಲಯ ಅಲ್ಲ ಕಣೇ, ಸಂಘಗಳು.

ಕಥೆ ಹೀಗಿದೆ. ಆಂಧ್ರದೇಶ ಗ್ರಂಥಾಲಯ ಸಂಘ 1914ರಲ್ಲೇ ಹುಟ್ಟಿತ್ತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿಗೂ ಮೈಸೂರಿಗೂ ಸಾರ್ವಜನಿಕ ಗ್ರಂಥಾಲಯ ಬಂತು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಇದೆಯಲ್ಲ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದು ಈ ಕಾಲದ್ದೇ. ಈ ವ್ಯತ್ಯಾಸ ನಂಗೆ ಇಷ್ಟ ಆಯ್ತು. ಅಲ್ಲಿ ಜನ ಸೇರಿ ಸಂಘ ಕಟ್ಟಿದ್ರು, ಇಲ್ಲಿ ಸರ್ಕಾರವೇ ಕಟ್ಟಡ ಕೊಟ್ಟಿತು. ನಮ್ಮ ರಾಜ್ಯದ ಗ್ರಂಥಾಲಯ ಸಂಘಕ್ಕೆ ಕೊಡೋ ವರ್ಷ 1929.

ಅಷ್ಟೊತ್ತಿಗೆ ಮದ್ರಾಸಿನಲ್ಲಿ ಒಬ್ಬ ಗಣಿತದ ಮೇಷ್ಟ್ರು ಗ್ರಂಥಪಾಲಕ ಆಗಿದ್ರು. ಎಸ್.ಆರ್. ರಂಗನಾಥನ್. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದೋರಿಗೆ ಶುರುವಿನಲ್ಲಿ ಎಷ್ಟು ಬೋರ್ ಆಯ್ತು ಅಂದ್ರೆ, ಮತ್ತೆ ಪಾಠ ಮಾಡೋಕೆ ಬರ್ತೀನಿ ಅಂತ ಹಳೇ ಕಾಲೇಜಿಗೇ ಹೋಗಿ ಕೇಳಿದ್ರಂತೆ. (ಮೊದಲ ಕೆಲಸದ ಮೊದಲ ವಾರ ನಂಗೂ ಹಾಗೇ ಅನಿಸಿತ್ತು, ಆದ್ರೆ ನನ್ನನ್ನ ಯಾರೂ ಲಂಡನ್‌ಗೆ ಕಳಿಸಲಿಲ್ಲ.) ಲಂಡನ್‌ನಲ್ಲಿ ತರಬೇತಿ ಮುಗಿಸಿ ಬಂದ ಮೇಲೆ ಮನುಷ್ಯನೇ ಬದಲಾಗಿದ್ರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಶುರುವಾಯ್ತು. ಮರುವರ್ಷ ಆ ಸಂಘ ಬೇಸಿಗೆ ಶಾಲೆ ತೆರೆದು ಗ್ರಂಥಪಾಲಕರಿಗೆ ಪಾಠ ಆರಂಭಿಸ್ತು. ವಿಶ್ವವಿದ್ಯಾಲಯ ಆ ಶಾಲೆಯನ್ನ ತನ್ನ ಕೈಗೆ ತಗೊಂಡಿದ್ದು 1931ರಲ್ಲಿ. ಅಂದ್ರೆ ಮೊದಲು ಸಂಘ, ಆಮೇಲೆ ಸರ್ಟಿಫಿಕೇಟು.

ಅದೇ 1931ರಲ್ಲಿ ಇನ್ನೂ ಎರಡು ಕೆಲಸ ಆಯ್ತು. ಇವತ್ತಿಗೂ ಪ್ರತಿ ಲೈಬ್ರರಿ ಸೈನ್ಸ್ ವಿದ್ಯಾರ್ಥಿ ಪರೀಕ್ಷೆಗೆ ಬರೆಯೋ ಐದು ಸೂತ್ರಗಳಿವೆಯಲ್ಲ, ಆ ಪುಸ್ತಕ ಹೊರಗೆ ತಂದಿದ್ದು ಸಂಘವೇ. ಇನ್ನೊಂದು, ತಂಜಾವೂರು ಕಡೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗೋ ಲೈಬ್ರರಿ ಹೊರಟಿತು. ಉದ್ಘಾಟನೆಗೆ ರಂಗನಾಥನ್ ಹೋಗಿದ್ರು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ಇದ್ರೆ ತೆಗೆದು ನೋಡಿ. ಸೆಸ್ ಅಂತ ಒಂದು ಸಾಲು ಇರುತ್ತೆ. ಅದರೊಳಗೆ ಗ್ರಂಥಾಲಯ ಕರ ಸೇರಿದೆ: ತೆರಿಗೆ 100 ರೂಪಾಯಿ ಆದ್ರೆ ಲೈಬ್ರರಿಗೆ 6 ರೂಪಾಯಿ. ಅಪ್ಪ ವರ್ಷಾ ವರ್ಷಾ ಕಟ್ತಾರೆ. ಯಾವತ್ತೂ ಲೈಬ್ರರಿಗೆ ಹೋಗಿಲ್ಲ. "ನಾನ್ಯಾವಾಗ ಕಟ್ಟಿದೆ?" ಅಂತ ನನ್ನನ್ನೇ ಕೇಳಿದ್ರು.

ಈ 6 ರೂಪಾಯಿ ಎಲ್ಲಿಂದ ಬಂತು? ಗ್ರಂಥಾಲಯಕ್ಕೆ ಒಂದು ಕಾನೂನು ಬೇಕು, ಸರ್ಕಾರ ಬದಲಾದ್ರೂ ನಿಲ್ಲದ ಆದಾಯ ಬೇಕು ಅಂತ ರಂಗನಾಥನ್ 1930ರಲ್ಲಿ ಕಾಶಿಯ ಒಂದು ಸಮ್ಮೇಳನದಲ್ಲಿ ಮಾದರಿ ಮಸೂದೆ ಇಟ್ರು. 1933ರಲ್ಲಿ ಮಸೂದೆ ಮದ್ರಾಸ್ ಶಾಸನಸಭೆಗೆ ಬಂತು. ಕಾಯ್ದೆ ಆಗಿದ್ದು 1948ರಲ್ಲಿ. ಹದಿನೈದು ವರ್ಷ! ಆ ಗ್ಯಾಪ್‌ನಲ್ಲಿ ಯುದ್ಧ ಬಂತು, ಸ್ವಾತಂತ್ರ್ಯ ಬಂತು. ಒಬ್ಬನೇ ಮನುಷ್ಯ ಆಗಿದ್ರೆ ಸುಸ್ತಾಗಿ ಬಿಟ್ಟುಬಿಡ್ತಿದ್ದ. ಸಂಘಕ್ಕೆ ಪ್ರತಿ ವರ್ಷ ಮೀಟಿಂಗ್ ಇರುತ್ತೆ, ಪ್ರತಿ ಮೀಟಿಂಗ್‌ನಲ್ಲೂ ಅದೇ ಠರಾವು ಮತ್ತೆ ಪಾಸ್ ಮಾಡಬಹುದು. ಹೊರಗಿನಿಂದ ನೋಡಿದ್ರೆ ಟೈಮ್ ವೇಸ್ಟ್ ಅನ್ನಿಸೋ ಕೆಲಸ ಇದು.

ನಂಗೆ ಗೊತ್ತೇ ಇರದ ಸಂಗತಿ ಇನ್ನೊಂದು. 1948ರಲ್ಲಿ ದಕ್ಷಿಣ ಕನ್ನಡ, ಕಾಸರಗೋಡು, ಬಳ್ಳಾರಿ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಹಾಗಾಗಿ ಮಂಗಳೂರಿನ ಕನ್ನಡಿಗರಿಗೆ ಗ್ರಂಥಾಲಯ ಕಾಯ್ದೆ ಬಂದ ಎಷ್ಟೋ ವರ್ಷ ಬೆಂಗಳೂರಿನವರಿಗೆ ಬಂದಿರಲಿಲ್ಲ. ಕಲಬುರಗಿ, ರಾಯಚೂರು, ಬೀದರ್ ಕಡೆಗೆ 1955ರ ಹೈದರಾಬಾದ್ ಕಾಯ್ದೆ ಬಂತು. ಏಕೀಕರಣ ಆದಾಗ ಒಂದೇ ರಾಜ್ಯದ ಬೇರೆ ಬೇರೆ ಮೂಲೆಯಲ್ಲಿ ಬೇರೆ ಬೇರೆ ನಿಯಮ. ನಮ್ಮದೇ ಕಾಯ್ದೆ ಪಾಸಾಗಿದ್ದು 1965ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ. ಜಾರಿಗೆ ಬಂದಿದ್ದು 1966ರ ನವೆಂಬರ್ 1.

ಆ ಹೊತ್ತಿಗೆ ರಂಗನಾಥನ್ ಬೆಂಗಳೂರಿನವರೇ ಆಗಿದ್ರು. 1957ರಲ್ಲಿ ಬಂದು ಮಲ್ಲೇಶ್ವರದಲ್ಲಿ ನೆಲೆಸಿದ್ರು, 1972ರಲ್ಲಿ ಇಲ್ಲೇ ತೀರಿಕೊಂಡ್ರು. 1962ರಲ್ಲಿ ಅವರು ಕಟ್ಟಿದ ಡಿ.ಆರ್.ಟಿ.ಸಿ. ಅನ್ನೋ ಸಂಸ್ಥೆ ಈಗ ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಒಳಗಿದೆ. ಗಿರಿನಗರದಿಂದ ನಾಯಂಡಹಳ್ಳಿ ದಾಟಿ ಮುಂದೆ. ಎಷ್ಟು ಸಲ ಅದರ ಮುಂದೆ ಬಸ್ಸಲ್ಲಿ ಹೋಗಿದೀನೋ, ಒಂದು ಸಲಾನೂ ತಲೆ ಎತ್ತಿ ನೋಡಿಲ್ಲ.

ಸಂಘಗಳನ್ನ ಹೊಗಳಿಬಿಟ್ಟೆ ಅಂತ ಅನ್ಕೋಬೇಡಿ. ಪಾಲಿಕೆ ವಸೂಲಿ ಮಾಡಿದ ಗ್ರಂಥಾಲಯ ಕರ ಇಲಾಖೆಗೆ ಪೂರ್ತಿ ತಲುಪಿಲ್ಲ ಅನ್ನೋ ಸುದ್ದಿ ನಾವೆಲ್ಲ ಆಗಾಗ ಓದಿದೀವಿ. ಹಳ್ಳಿ ಲೈಬ್ರರಿ ನಡೆಸೋ ಮೇಲ್ವಿಚಾರಕರು ಗೌರವಧನ ಸಾಲದು ಅಂತ ವರ್ಷಗಟ್ಟಲೆ ಬೀದಿಯಲ್ಲಿ ಕೂತಿದಾರೆ. ಸೆಮಿನಾರ್ ಮಾಡಿ, ಶಾಲು ಹೊದಿಸಿ, ಫೋಟೊ ತೆಗೆದು ಮುಗಿಸೋ ಸಂಘದಿಂದ ಅವರಿಗೇನು ಬಂತು? ಇದನ್ನ ತಂಗಿ ಕೇಳಿದಾಗ ನಂಗೆ ತಡವರಿಸಿತು. ವಿದ್ಯಾರ್ಥಿಗಳು ಬರದೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. 1876ರಲ್ಲಿ ಶುರುವಾದ ಅಮೆರಿಕದ ಸಂಘದಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಕಡಿಮೆ ದರದ ಸದಸ್ಯತ್ವ ಇದೆ. ಓದ್ತಿರುವಾಗಲೇ ಮೀಟಿಂಗ್‌ನಲ್ಲಿ ಕೂತು ಪ್ರಶ್ನೆ ಕೇಳೋ ಅಭ್ಯಾಸ ಆಗಲಿ ಅಂತ. ಕೆಲಸ ಸಿಕ್ಕಿದ ಮೇಲೆ ಮೇಲಧಿಕಾರಿ ಎದುರಿಗೆ ಆ ಪ್ರಶ್ನೆ ಕೇಳೋದು ಕಷ್ಟ.

"ಹಾಗಾದ್ರೆ ವಾಪಸ್ ಏನು ಸಿಗುತ್ತೆ?" ಅಂತ ಮತ್ತೆ ಕೇಳಿದಳು. ಈ ವರ್ಷ ಬಹುಶಃ ಒಂದು ಐಡಿ ಕಾರ್ಡು, ಒಂದಿಷ್ಟು ಫೋನ್ ನಂಬರು ಅಂದೆ. ನಕ್ಕಳು.

ಫಾರಂ ಇನ್ನೂ ತುಂಬಿಲ್ಲ. ಶನಿವಾರ ಒಂದು ಮೀಟಿಂಗ್ ಇದೆಯಂತೆ, ಮೊದಲು ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡ್ತಾಳಂತೆ. ಜೊತೆಗೆ ಬಾ ಅಕ್ಕಾ ಅಂದಿದಾಳೆ. ಅಪ್ಪನ ರಸೀದಿಯ ಜೆರಾಕ್ಸ್ ಮಾಡಿಸಿ ಅವಳ ಬ್ಯಾಗಿಗೆ ಹಾಕಿದೀನಿ, ಆ ಕರದ ಬಾಕಿ ಎಲ್ಲಿದೆ ಅಂತ ಯಾರನ್ನಾದ್ರೂ ಕೇಳೋಕೆ.