ಹಲಗೆ ಮೆಟ್ಟಿದವರು

ಕಂಬಳ ಮುಗಿದ ಮರುದಿನದ ಪೇಪರಿನಲ್ಲಿ ಫಲಿತಾಂಶದ ಒಂದು ಪಟ್ಟಿ ಬರುತ್ತದೆ. ನಮ್ಮ ಕಡೆಯವರಿಗೆ ಅದು ಕ್ರಿಕೆಟ್ ಸ್ಕೋರಿಗಿಂತ ಹೆಚ್ಚು. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಇವುಗಳಲ್ಲಿ ಕೋಣದ ಯಜಮಾನರ ಹೆಸರಿನ ಕೆಳಗೆ ‘ಓಡಿಸಿದವರು’ ಅಂತ ಇರುತ್ತದೆ. ಅಡ್ಡಹಲಗೆ, ಕನೆಹಲಗೆ ವಿಭಾಗಕ್ಕೆ ಬಂದಾಗ ಮಾತ್ರ ಶಬ್ದ ಬದಲು: ‘ಹಲಗೆ ಮೆಟ್ಟಿದವರು’. ಸಣ್ಣವನಿದ್ದಾಗಿಂದ ಆ ಶಬ್ದ ಓದುತ್ತಾ ಬಂದಿದ್ದೇನೆ. ಅದರಲ್ಲೇನಿದೆ ಅಂತ ತಲೆಗೆ ಹೋದದ್ದು ತೀರಾ ತಡವಾಗಿ, ಅದೂ ಮಣಿಪಾಲದ ಒಂದು ಇಳಿಜಾರಿನಲ್ಲಿ ಹುಡುಗನೊಬ್ಬ ಸ್ಕೇಟ್‌ಬೋರ್ಡ್ ಮೇಲೆ ಜಾರಿಕೊಂಡು ಹೋದದ್ದನ್ನು ನೋಡಿದ ಮೇಲೆ. ನಾಲ್ಕು ಚಕ್ರ, ಒಂದು ಹಲಗೆ, ಮೇಲೊಬ್ಬ ಮನುಷ್ಯ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡಿದ್ದು ಕೆಸರಿನಲ್ಲಿ, ಚಕ್ರ ಇರಲಿಲ್ಲ, ಅಷ್ಟೆ.

ಸ್ಕೇಟ್‌ಬೋರ್ಡಿನ ಕಥೆ ಬಹಳ ಹಳೆಯದೇನಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಡಲ ತೀರದ ಹುಡುಗರು, ಅಲೆ ಇಲ್ಲದ ದಿನ ಏನು ಮಾಡುವುದು ಅಂತ, ರೋಲರ್ ಸ್ಕೇಟಿನ ಚಕ್ರಗಳನ್ನು ಹಲಗೆಗೆ ಹೊಡೆದು ರಸ್ತೆಗಿಳಿದರು. 1965ರ ಮೇ ತಿಂಗಳಲ್ಲಿ ಪ್ಯಾಟಿ ಮೆಕ್‌ಗೀ ಎಂಬ ಹುಡುಗಿ ಓಡುವ ಹಲಗೆಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತ ಚಿತ್ರ ‘ಲೈಫ್’ ಪತ್ರಿಕೆಯ ಮುಖಪುಟಕ್ಕೆ ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಯುರೆಥೇನ್ ಚಕ್ರ ತಂದ ಮೇಲೆ ಹಲಗೆಗೆ ನೆಲದ ಹಿಡಿತ ಸಿಕ್ಕಿತು. 1976-77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರ ಬಂದು ಮನೆಮನೆಯ ಈಜುಕೊಳಗಳು ಬತ್ತಿದವು. ಹುಡುಗರು ಬೇಲಿ ಹಾರಿ ಆ ಖಾಲಿ ಕೊಳಗಳೊಳಗೆ ಹಲಗೆ ಓಡಿಸಿದರು. ಇವತ್ತು ನಾವು ಟಿವಿಯಲ್ಲಿ ನೋಡುವ ಅರ್ಧ ಕಸರತ್ತುಗಳ ಬೇರು ಅಲ್ಲಿದೆ. ಅವರ ಆಟ ನೀರು ಬತ್ತಿದಾಗ ಬೆಳೆಯಿತು. ನಮ್ಮದರಲ್ಲಿ ನೀರು ಚಿಮ್ಮದಿದ್ದರೆ ಬಹುಮಾನವೇ ಇಲ್ಲ!

ಕಂಬಳ ನೋಡದವರಿಗಾಗಿ ಸ್ವಲ್ಪ ವಿವರ. ಗದ್ದೆ ಉತ್ತು ಕೆಸರು ಮಾಡಿದ ಮೇಲೆ ಅದನ್ನು ಸಮತಟ್ಟು ಮಾಡಲು ಕೋಣಗಳಿಗೆ ಅಡ್ಡವಾಗಿ ಒಂದು ಹಲಗೆ ಕಟ್ಟಿ ಎಳೆಸುತ್ತಿದ್ದರು. ಹಲಗೆಗೆ ಭಾರ ಬೇಕಲ್ಲ, ಅದಕ್ಕೆ ಆಳೊಬ್ಬ ಅದರ ಮೇಲೆ ನಿಲ್ಲುತ್ತಿದ್ದ. ಇದು ಕೆಲಸ, ಆಟವಲ್ಲ. ಅಡ್ಡಹಲಗೆ ವಿಭಾಗ ಅಂದರೆ ಈ ಕೆಲಸವೇ ಓಟವಾದದ್ದು. ಕನೆಹಲಗೆ ಇದಕ್ಕಿಂತ ಚಂದ, ಇದಕ್ಕಿಂತ ಕಷ್ಟ. ಹಲಗೆಯಲ್ಲಿ ತೂತುಗಳಿರುತ್ತವೆ. ಅದರ ಮೇಲೆ ಒಂದು ಕಾಲೂರಿ, ಕೋಣದ ಬಾಲ ಹಿಡಿದು ನಿಂತವನು ಕರೆಯಲ್ಲಿ ಹೋಗುವಾಗ, ಅಡಿಯ ನೀರು ಆ ತೂತುಗಳಿಂದ ಕಾರಂಜಿಯ ಹಾಗೆ ಮೇಲೇಳುತ್ತದೆ. ಕರೆಗೆ ಅಡ್ಡವಾಗಿ, ಆಳೆತ್ತರಕ್ಕೂ ಎಷ್ಟೋ ಮೇಲೆ, ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ಒಂದು ಆರೂವರೆ ಕೋಲು, ಇನ್ನೊಂದು ಏಳೂವರೆ ಕೋಲು. ನೀರು ನಿಶಾನೆಗೆ ತಾಗಿತಾ ಇಲ್ವಾ, ಅಷ್ಟೇ ಲೆಕ್ಕ. ಯಾರು ಮೊದಲು ಮಂಜೊಟ್ಟಿ ಮುಟ್ಟಿದರು ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಮೆಟ್ಟಿದವನ ವಿದ್ಯೆ ಏನು ಗೊತ್ತುಂಟಾ? ಭಾರ ಹೆಚ್ಚು ಹಾಕಿದರೆ ಹಲಗೆ ಕೆಸರಿಗೆ ಕಚ್ಚುತ್ತದೆ, ಕೋಣದ ವೇಗ ಸಾಯುತ್ತದೆ. ಕಡಿಮೆಯಾದರೆ ಹಲಗೆ ಮೇಲೆ ತೇಲಿ ನೀರು ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಓಡುತ್ತಿರುವ ಎರಡು ಕೋಣಗಳ ಹಿಂದೆ, ಒಂದೇ ಕಾಲಿನಲ್ಲಿ, ಆ ಎರಡರ ನಡುವಿನ ಹದ ಹುಡುಕಬೇಕು. ಅದೂ ನಿಶಾನೆಯ ಕೆಳಗೆ ಬರುವಾಗ ಸರಿಯಾಗಿ. ಸ್ಕೇಟ್‌ಬೋರ್ಡಿನವರು ಹಲಗೆಯ ಬಾಲವನ್ನು ಕಾಲಿನಿಂದ ಒತ್ತಿ ಮೇಲೆ ಹಾರುವುದನ್ನು ‘ಆಲಿ’ ಅನ್ನುತ್ತಾರೆ, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕಂತೆ. ಬೇಕು, ಒಪ್ಪಿದೆ. ಆದರೆ ಅವರ ಹಲಗೆಯನ್ನು ಎಳೆಯಲು ಕೋಣ ಇರುವುದಿಲ್ಲ ಮಾರಾಯ್ರೆ.

2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಎದ್ದು ಕುಳಿತಿತು. ನೂರು ಮೀಟರಿಗೆ 9.55 ಸೆಕೆಂಡು ಅಂತ ಭಾಗಾಕಾರ ಮಾಡಿ ಬೋಲ್ಟ್‌ಗೆ ಹೋಲಿಸಿದರು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಅವರು ಹೋಗಲಿಲ್ಲ, ಅದು ಬೇರೆ ಮಾತು. ನನಗೆ ಆಗ ಅನ್ನಿಸಿದ್ದು: ಸ್ಟಾಪ್‌ವಾಚಿಗೆ ಸಿಕ್ಕಿದ್ದನ್ನು ಲೋಕ ಹಿಡಿದುಕೊಂಡಿತು. ನೀರು ಹಾಯಿಸುವವನಿಗೆ ಹೋಲಿಸಲು ಒಬ್ಬ ಬೋಲ್ಟ್ ಇಲ್ಲ, ಹಾಗಾಗಿ ಅವನ ವಿದ್ಯೆ ನಮ್ಮ ಎರಡು ಜಿಲ್ಲೆ ದಾಟಲಿಲ್ಲ.

ಇನ್ನು ಹಳೆಯ ವಸ್ತುಗಳ ಮೋಹದ ವಿಷಯ. 2019ರ ಜನವರಿಯಲ್ಲಿ ಸೋದಬೀಸ್ ಹರಾಜು ಸಂಸ್ಥೆ ‘ಸುಪ್ರೀಮ್’ ಕಂಪನಿ ಇಪ್ಪತ್ತು ವರ್ಷಗಳಲ್ಲಿ ಬಿಟ್ಟ 248 ಸ್ಕೇಟ್‌ಬೋರ್ಡ್ ಹಲಗೆಗಳ ಪೂರ್ಣ ಸಂಗ್ರಹವನ್ನು ಮಾರಿತು. ಬೆಲೆ 8 ಲಕ್ಷ ಡಾಲರ್. ಕೊಂಡವನು ವ್ಯಾಂಕೂವರಿನ 17 ವರ್ಷದ ಹುಡುಗ. ಇವುಗಳ ಮೇಲೆ ಯಾರೂ ನಿಲ್ಲುವುದಿಲ್ಲ, ನಿಂತರೆ ಬೆಲೆ ಹೋಯ್ತು.

ನಮ್ಮಲ್ಲೂ ಸಂಗ್ರಹದ ಹುಚ್ಚು ಇಲ್ಲದೆ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರೊಬ್ಬರಿದ್ದರು. ಬೇರೆಯವರು ಅಂಚೆಚೀಟಿ, ನಾಣ್ಯ ಕೂಡಿಟ್ಟರೆ ಇವರು ಮನೆಗಳನ್ನೇ ಕೂಡಿಟ್ಟರು! ಕೆಡವಲು ಹೊರಟ ಮನೆಯನ್ನು ಕಂಬ ಕಂಬ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳದ ಹತ್ತಿರದ ಮಿಯಾರಿನ ಮನೆ, ದೂರದ ಕುಕನೂರಿನ ಕಮಲ್ ಮಹಲ್, ಮುಧೋಳದ ದರ್ಬಾರ್ ಹಾಲ್. ಅದೇ ಇವತ್ತಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಶೆಣೈ 2017ರಲ್ಲಿ ತೀರಿಕೊಂಡರು. ಅವರಿಲ್ಲದಿದ್ದರೆ ಆ ಮರವೆಲ್ಲ ಯಾರ್ಯಾರದೋ ಸೋಫಾ ಆಗಿರುತ್ತಿತ್ತು. ಅದರಲ್ಲಿ ನನಗೆ ಸಂಶಯವಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಆ ಮನೆಗಳು ಯಾಕೆ ಬಿದ್ದವು? 1974ರ ಭೂಸುಧಾರಣೆ ಬಂತು, ಗೇಣಿಯ ಅಕ್ಕಿ ಅಂಗಳಕ್ಕೆ ಬರುವುದು ನಿಂತಿತು, ಕೂಡುಕುಟುಂಬ ಪಾಲಾಯಿತು, ಅಷ್ಟು ದೊಡ್ಡ ಮನೆಯ ಹಂಚು ಬದಲಿಸಲೂ ದುಡ್ಡಿಲ್ಲದಾಯಿತು. ಒಡೆಯರ ಮನೆ ಬಿದ್ದ ಅದೇ ವರ್ಷಗಳಲ್ಲಿ ಒಕ್ಕಲಿನವನಿಗೆ ಸ್ವಂತ ಗದ್ದೆ ಸಿಕ್ಕಿತು. ಚೌಕಿಮನೆಯ ಅಂಗಳದಲ್ಲಿ ನಿಂತು “ಎಂಥಾ ಕಾಲ ಅದು” ಅನ್ನುವಾಗ ನನ್ನ ಗಂಟಲು ಸ್ವಲ್ಪ ಕಟ್ಟುವುದು ಅದಕ್ಕೇ. ಕಂಬಳಕ್ಕೂ ಇದೇ ಮಾತು. ಕಂಬಳದ ಹಿಂದಿನ ರಾತ್ರಿ ‘ಪನಿಕುಲ್ಲುನು’ ಅಂತ ಕೊರಗರನ್ನು ಗದ್ದೆಯ ಬದಿಯಲ್ಲಿ ಮಂಜಿನಲ್ಲಿ ಕೂರಿಸಿ ಡೋಲು ಬಡಿಸುತ್ತಿದ್ದರು. ಕೋಣ ಇಳಿಯುವ ಮೊದಲು ಮುಳ್ಳು, ಗಾಜು ಇದೆಯಾ ಅಂತ ನೋಡಲು ಅವರನ್ನೇ ಕೆಸರಿನಲ್ಲಿ ಓಡಿಸಿದ್ದೂ ಉಂಟು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಹಳೆಯ ಕಂಬಳದ ಫೋಟೋಗಳಲ್ಲಿ ಮುಂಡಾಸಿನ ಯಜಮಾನರು ಕೋಣದ ಪಕ್ಕ ನಿಂತಿರುತ್ತಾರೆ. ಹಲಗೆ ಮೆಟ್ಟಿದವನು ಚೌಕಟ್ಟಿನ ಹೊರಗೆ.

2014ರ ಮೇಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಕಂಬಳಕ್ಕೆ ಕುತ್ತು ಬಂದಾಗ ಜನ ಬೀದಿಗಿಳಿದರು, 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ನಡುವೆ ‘ಕಾಂತಾರ’ ಬಂತು. ಅದೇ 2023ರ ನವೆಂಬರಿನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲೂ ಕೋಣ ಓಡಿದವು. ಇಷ್ಟೆಲ್ಲ ಗದ್ದಲದಲ್ಲಿ ಬೆತ್ತದ ಬಗ್ಗೆ ಚರ್ಚೆಯಾಯಿತು (ಆಗಬೇಕಾದದ್ದೇ), ಪರಂಪರೆಯ ಬಗ್ಗೆ ಆಯಿತು. ಹಲಗೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಮಟ್ಟ ಮಾಡುವ ಹಲಗೆಗೆ ಕೆಲಸವಿಲ್ಲ. ನೊಗ ಹೇಗೂ ರೆಸಾರ್ಟಿನ ಗೋಡೆಗೆ ಹೋಯಿತು, ಅಡಿಕೆ ಹಾಳೆಯ ಮುಟ್ಟಾಳೆ ಬಣ್ಣದ ಕಾಗದ ಅಂಟಿಸಿಕೊಂಡು ಸಭೆಗಳಲ್ಲಿ ಮುಖ್ಯ ಅತಿಥಿಗಳ ತಲೆಗೆ ಏರಿತು. ಹಲಗೆಯನ್ನು ಗೋಡೆಗೆ ನೇತು ಹಾಕಿದರೆ ಅದು ಬರೀ ಒಂದು ಮರದ ತುಂಡು, ನೋಡಲು ಏನೂ ಇಲ್ಲ.

ಹೋದ ವರ್ಷ ಕಾರ್ಕಳದ ಕಡೆ ಒಬ್ಬರ ಮನೆಗೆ ಹೋಗಿದ್ದೆ. ಹಿಂದೆ ಅವರ ಕೋಣಗಳು ಕನೆಹಲಗೆಯಲ್ಲಿ ಹೆಸರು ಮಾಡಿದವು. ಗಾಜಿನ ಕಪಾಟಿನ ತುಂಬ ಫಲಕ, ಕಪ್ಪು. ಚಿನ್ನದ ಪದಕ ಲಾಕರಿನಲ್ಲಿದೆ ಅಂದರು. ಕೋಣಗಳ ದೊಡ್ಡ ಫೋಟೋಕ್ಕೆ ಹಾರ ಹಾಕಿತ್ತು.

“ಹಳೇ ಹಲಗೆ ಉಂಟಾ?” ಕೇಳಿದೆ.

ಅವರು ನಕ್ಕರು. “ಅದನ್ನೆಲ್ಲ ಎಂತ ಇಡುದು? ತೂತು ಸವೆದು ದೊಡ್ಡದಾದ್ರೆ ನೀರು ಮೇಲೆ ಹೋಗುದಿಲ್ಲ. ಬಚ್ಚಲ ಒಲೆಗೆ ಹೋಯ್ತು.”

“ಮೆಟ್ಟುತ್ತಿದ್ದದ್ದು ಯಾರು?”

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿ ಹೆಸರು ಕೇಳಿದರು. ಅವರಿಗೆ ನೆನಪಿತ್ತು. ಮನೆ ಎಲ್ಲಿ, ಈಗ ಯಾರ ಜೊತೆ ಇದ್ದಾರೆ, ಮೊಣಗಂಟು ನೋವಿಗೆ ಯಾವ ಎಣ್ಣೆ ಹಚ್ಚುತ್ತಾರೆ ಎಂಬುದೂ ಗೊತ್ತಿತ್ತು. ಸೇತುವೆ ದಾಟಿ ಎಡಕ್ಕೆ ಮೂರನೇ ಮನೆ ಅಂದರು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.